ಹಲ್ಲು ನೋಡಿ ಜೋಡಿ ಮಾಡಿ

ಬೆಳಗಾವಿಯಲ್ಲಿ ಮೊರೇ ಈಲ್ ಅನ್ನುವ, ಹಾವಿನಂತೆ ಕಾಣುವ ಸಮುದ್ರದ ಮೀನು ಸಾಕುವವರು ಬೆರಳೆಣಿಕೆಯಷ್ಟು ಜನ. ಸಾಕಬೇಕು ಅಂತ ಆಸೆ ಇಟ್ಟುಕೊಂಡವರು ಮಾತ್ರ ಅದಕ್ಕಿಂತ ಜಾಸ್ತಿ. ಅವರಲ್ಲಿ ಯಾರೇ ಸಿಕ್ಕರೂ ಮೊದಲು ಕೇಳುವುದು ಒಂದೇ: ಎರಡು ಮೂರು ಜಾತಿಯವನ್ನು ಒಂದೇ ಟ್ಯಾಂಕಿಗೆ ಬಿಟ್ಟರೆ ಕಚ್ಚಾಡ್ತಾವಾ? ಕೇಳುವ ಹೊತ್ತಿಗೆ ಅವರ ಮೊಬೈಲಿನಲ್ಲಿ ಒಂದು ಫೋಟೊ ತೆರೆದೇ ಇರುತ್ತದೆ. ಬಿಳಿ ಮೈ, ಅದರ ತುಂಬ ಕಪ್ಪು ಮಚ್ಚೆ, ಬಾಯಿ ತೆರೆದು ನೋಡುತ್ತಿರುವ ಹನಿಕೋಂಬ್ ಮೊರೇ. ಇದು ಸಾಧು ಇದೆಯಾ, ಜಗಳಗಂಟಿಯಾ ಅಂತ ವಿಚಾರಿಸುತ್ತಾರೆ. ನಾನು ಸ್ವಭಾವದ ಮಾತು ಬಿಟ್ಟು ಅದರ ಹಲ್ಲಿನ ಬಗ್ಗೆ ಹೇಳಲು ಶುರು ಮಾಡುತ್ತೇನೆ. ಅವರಿಗೆ ಸ್ವಲ್ಪ ನಿರಾಸೆ ಆಗುತ್ತದೆ.

ಮೊರೇ ಅಂದರೆ ಒಂದೇ ಮೀನಲ್ಲ. ಮುರೇನಿಡೇ ಅನ್ನುವ ಈ ಕುಟುಂಬದಲ್ಲಿ ಸುಮಾರು 200 ಜಾತಿಗಳಿವೆ. ಒಂದಡಿಯೂ ಬೆಳೆಯದ ಗೋಲ್ಡನ್ ಡ್ವಾರ್ಫ್ ಇದೆ. 3 ಮೀಟರ್ ಉದ್ದ, 30 ಕಿಲೊ ತೂಕದವರೆಗೆ ಬೆಳೆಯುವ ಜೈಂಟ್ ಮೊರೇಯೂ ಇದೆ. ಯಾವುದಕ್ಕೂ ಎದೆಯ ಈಜುರೆಕ್ಕೆ ಇಲ್ಲ, ಹೊಟ್ಟೆಯ ಈಜುರೆಕ್ಕೆ ಇಲ್ಲ, ಮೈಮೇಲೆ ಹುರುಪೆ ಇಲ್ಲ. ದಪ್ಪ ಚರ್ಮ, ಅದರ ಮೇಲೆ ಲೋಳೆ, ಅಷ್ಟೇ. ಸದಾ ಬಾಯಿ ತೆರೆದು ಮುಚ್ಚುತ್ತಾ ಇರುವುದು ಸಿಟ್ಟಿನಿಂದಲ್ಲ. ಕಿವಿರಿಗೆ ನೀರು ತಳ್ಳಲು ಅದು ಹಾಗೆ ಮಾಡಲೇಬೇಕು. ಅದರ ಉಸಿರಾಟವೇ ಹಾಗೆ. ನೋಡಿದವರು ಮಾತ್ರ ಹೆದರುತ್ತಾರೆ. ನಮ್ಮ ಪಕ್ಕದ ಮನೆ ಕಾಕು ಒಂದು ಪಂಚಮಿಗೆ ಉಂಡಿ ಕೊಡಲು ಬಂದವರು ಟ್ಯಾಂಕ್ ಮುಂದೆ ನಿಂತು ಕೈಮುಗಿದರು. "ಇದಕ್ಕ ಹಾಲ ಎರಿಬೇಕೇನಪಾ?" ಅಂತ ಕೇಳಿದರು. ಕಾಕು, ಇದು ಮೀನು ಅಂದೆ. ಪೂರ್ತಿ ನಂಬಲಿಲ್ಲ.

ನನ್ನ ಹತ್ತಿರ ಇರುವುದು ಎರಡು ಜಾತಿ. ಒಂದು ಸ್ನೋಫ್ಲೇಕ್, ಇನ್ನೊಂದು ಜೀಬ್ರಾ. ಸ್ನೋಫ್ಲೇಕ್ ಬೆಳ್ಳಗಿರುತ್ತದೆ, ಮೈಮೇಲೆ ಕಪ್ಪು ಚಿತ್ತಾರ, ನಡುವೆ ಹಳದಿ ಚುಕ್ಕೆ. ಮೂಗಿನ ನಳಿಗೆಗಳೂ ಹಳದಿ. ಮನೆಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಎರಡು, ಎರಡೂವರೆ ಅಡಿ ಬೆಳೆಯುತ್ತದೆ. ಸಮುದ್ರದಲ್ಲಿ ಒಂದು ಮೀಟರ್‌ವರೆಗೂ ಹೋಗುತ್ತದೆ. ಜೀಬ್ರಾ ಕಡುಗಂದು, ತಲೆಯಿಂದ ಬಾಲದ ತನಕ ಬಿಳಿ ಪಟ್ಟೆ. ಇದು 1.5 ಮೀಟರ್‌ವರೆಗೆ ಬೆಳೆಯುವ ಮೀನು, ಆದರೆ ಬೆಳೆಯುವುದು ನಿಧಾನ. ಎರಡರ ಬಾಯಿಯಲ್ಲೂ ಇರುವುದು ಮೊಂಡು ಹಲ್ಲು. ಏಡಿಯ ಚಿಪ್ಪು ಒಡೆಯಲು, ಸಿಗಡಿ ಅರೆಯಲು ಆದ ಹಲ್ಲು. ಜೀಬ್ರಾ ಅಂತೂ ಏಡಿ, ಚಿಪ್ಪುಜೀವಿ, ಸಮುದ್ರದ ಮುಳ್ಳುಚೆಂಡು ಇಂಥದ್ದನ್ನೇ ಹುಡುಕಿಕೊಂಡು ತಿನ್ನುತ್ತದೆ. ಮೀನಿನ ಕಡೆ ಅದಕ್ಕೆ ಅಷ್ಟಾಗಿ ಗಮನ ಇಲ್ಲ.

ಫೋಟೊದಲ್ಲಿ ತೋರಿಸುತ್ತಾರಲ್ಲ, ಆ ಹನಿಕೋಂಬ್‌ನ ಬಾಯಿಯೇ ಬೇರೆ. ಅದರ ಹಲ್ಲು ಸೂಜಿಯ ಥರ ಚೂಪು. ಸಿಕ್ಕ ಮೀನು ಜಾರಿ ಹೋಗದಂತೆ ಹಿಡಿಯಲು ಇರುವ ಹಲ್ಲು. ಫಿಂಬ್ರಿಯೇಟೆಡ್ ಮೊರೇಯದೂ ಹಾಗೇ, ಜೈಂಟ್ ಮೊರೇಯದೂ ಹಾಗೇ. ಇವುಗಳಿಗೆ ಉದ್ದಗೆ ತೆಳ್ಳಗೆ ಓಡಾಡುವ ಇನ್ನೊಂದು ಮೊರೇ ಕೂಡ ಊಟವೇ. ಒಂದು ಸ್ನೋಫ್ಲೇಕ್ ಹನಿಕೋಂಬ್ ಪಕ್ಕದಲ್ಲಿ ಆರು ತಿಂಗಳು ಆರಾಮಾಗಿ ಇರಬಹುದು. ಹನಿಕೋಂಬ್ ಅದಕ್ಕಿಂತ ಎರಡು ಪಟ್ಟು ದಪ್ಪ ಆದ ಮೇಲೆ ಒಂದು ರಾತ್ರಿ ಸ್ನೋಫ್ಲೇಕ್ ಕಾಣೆ. ಆಗ ಸಾಕಿದವರು "ಇಷ್ಟು ದಿನ ಗೆಳೆಯರಾಗಿದ್ದವು, ಏನಾಯ್ತೋ" ಅಂತಾರೆ. ಗೆಳೆತನ ಮೊದಲೂ ಇರಲಿಲ್ಲ. ಬಾಯಿ ಚಿಕ್ಕದಿತ್ತು, ದೊಡ್ಡದಾಯ್ತು.

ಆ ಬಾಯಿಯ ಒಳಗೆ ಇನ್ನೊಂದು ಬಾಯಿ ಇದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಬಹಳಷ್ಟು ಮೀನುಗಳು ಬಾಯಿ ಅಗಲಿಸಿ ನೀರಿನ ಜೊತೆ ಬೇಟೆಯನ್ನೂ ಒಳಗೆ ಹೀರಿಕೊಳ್ಳುತ್ತವೆ. ಬಂಡೆಯ ಸಂದಿಯಲ್ಲಿ ನುಸುಳುವ ಮೊರೇಗೆ ಇಷ್ಟೇ ಅಗಲದ ತಲೆ. ಹೀರುವ ಶಕ್ತಿ ಕಡಿಮೆ. ಹಾಗಾದರೆ ದೊಡ್ಡ ತುಂಡನ್ನು ನುಂಗುವುದು ಹೇಗೆ? 2007ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್ ಅನ್ನುವ ವಿಜ್ಞಾನಿಗಳು ವೇಗದ ಕ್ಯಾಮೆರಾ ಇಟ್ಟು ಇದನ್ನು ತೋರಿಸಿದರು. ಗಂಟಲಲ್ಲಿ ಇರುವ ಎರಡನೇ ದವಡೆ ಮುಂದಿನ ಬಾಯಿವರೆಗೆ ಸರಿದು ಬರುತ್ತದೆ, ತುತ್ತನ್ನು ಕಚ್ಚಿ ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮುಂದಿನ ಹಲ್ಲು ಹಿಡಿಯುವುದಕ್ಕೆ, ಹಿಂದಿನದು ಎಳೆಯುವುದಕ್ಕೆ.

ಇದು ಜೋಡಿ ಮಾಡುವವರಿಗೆ ಯಾಕೆ ಮುಖ್ಯ ಅಂದರೆ, ಎರಡು ಮೊರೇ ಒಂದೇ ತುಂಡಿನ ಎರಡು ತುದಿ ಹಿಡಿದಾಗ ಎರಡೂ ಕಡೆಯಿಂದ ಈ ಎಳೆತ ಶುರುವಾಗುತ್ತದೆ. ತುಂಡು ಸಣ್ಣದಾಗುತ್ತಾ ಮೂತಿಗೆ ಮೂತಿ ತಾಗುತ್ತದೆ. ಆಮೇಲೆ ಯಾವುದು ದೊಡ್ಡ ಬಾಯಿಯೋ ಅದರ ಹಲ್ಲು ಇನ್ನೊಂದರ ತಲೆ ಮೇಲೆ. ಕಣ್ಣು ಮಂದ ಇರುವ ಪ್ರಾಣಿ ಇದು, ಮೂಗೇ ಎಲ್ಲ. ಸಿಗಡಿ ವಾಸನೆ ಹತ್ತಿದ ತಲೆಯೂ ಅದಕ್ಕೆ ಸಿಗಡಿಯೇ. ಮೊರೇ ಟ್ಯಾಂಕಿನಲ್ಲಿ ಜಗಳ ಅಂತ ನಾವು ಕರೆಯುವುದರಲ್ಲಿ ಅರ್ಧಕ್ಕರ್ಧ ಇದೇ. ದ್ವೇಷ ಗೀಷ ಏನೂ ಇಲ್ಲ, ಊಟದ ಹೊತ್ತಿನ ಗೊಂದಲ.

ಹಾಗಾಗಿ ನಮ್ಮ ಮನೆಯಲ್ಲಿ ಊಟ ಬಡಿಸುವುದು ದೊಡ್ಡ ಕೆಲಸ. ಎರಡು ಉದ್ದನೆಯ ಚಿಮಟ ಬೇಕು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಲೈಟು ಆರಿಸಿ, ಪಂಪು ಬಂದ್ ಮಾಡಿದ ಮೇಲೆ ಸಿಗಡಿ ಕರಗಿಸಿದ ನೀರು ಒಂದು ಚಮಚ ಬಿಟ್ಟರೆ ಸಾಕು. ಸ್ನೋಫ್ಲೇಕ್ ಮೊದಲು ಹಳದಿ ಮೂಗಿನ ನಳಿಗೆ ಮಾತ್ರ ಹೊರಗೆ ಹಾಕುತ್ತದೆ. ಒಂದು ಕ್ಷಣ ತಲೆ ಆ ಕಡೆ ಈ ಕಡೆ ಆಡಿಸುತ್ತದೆ. ಆಮೇಲೆ ಸರ್ರನೆ ಬರುತ್ತದೆ, ಚಿಮಟವನ್ನೇ ಒಮ್ಮೆ ಕಚ್ಚಿ ನೋಡುತ್ತದೆ. ಆ ಠಕ್ ಅನ್ನುವ ಏಟು ಕೈಗೆ ತಿಳಿಯುತ್ತದೆ. ಜೀಬ್ರಾ ಹಾಗಲ್ಲ. ಅದು ಏಡಿಯ ಕೊಂಡಿ ಸಿಕ್ಕರೂ ಅವಸರ ಮಾಡುವುದಿಲ್ಲ. ಕೊಂಡಿಯನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ಅಡ್ಡಕ್ಕೆ ಇಟ್ಟುಕೊಂಡು ಅದುಮುತ್ತದೆ. ಚಿಪ್ಪು ಒಡೆಯುವ ಸದ್ದು ಗಾಜಿನ ಈಚೆಗೂ ಕೇಳಿಸುತ್ತದೆ. ತುಂಡು ಜಾಸ್ತಿ ದೊಡ್ಡದಿದ್ದರೆ ಸ್ನೋಫ್ಲೇಕ್ ಬಾಲದ ಕಡೆ ತನ್ನ ಮೈಯಲ್ಲೇ ಒಂದು ಗಂಟು ಹಾಕುತ್ತದೆ. ಆ ಗಂಟನ್ನು ಮುಂದಕ್ಕೆ ಸರಿಸುತ್ತಾ ತಲೆಯ ತನಕ ತಂದು, ಗಂಟಿನ ಆಸರೆಯಿಂದ ತುಂಡನ್ನು ಹರಿದುಕೊಳ್ಳುತ್ತದೆ. ಮೊದಲ ಸಲ ನೋಡಿದವರು ಮೀನಿಗೆ ಏನೋ ಆಯ್ತು ಅಂದುಕೊಳ್ಳುತ್ತಾರೆ. ಏನೂ ಆಗಿಲ್ಲ, ಊಟ ನಡೆದಿದೆ.

ಬೆಳೆದ ಮೊರೇಗೆ ವಾರಕ್ಕೆ ಎರಡು ಸಲ ಊಟ ಸಾಕು. ದಿನಾ ಹಾಕಿದರೆ ಮೈ ಬರುತ್ತದೆ, ನೀರೂ ಕೆಡುತ್ತದೆ. ಇದು ನಮ್ಮ ಅವ್ವನಿಗೆ ಮೆಚ್ಚಿಗೆಯಾದ ಏಕೈಕ ಸಂಗತಿ. ಮನೆಯಲ್ಲಿ ಯಾರೂ ಮೀನು ಮಾಂಸ ಮುಟ್ಟುವುದಿಲ್ಲ. ಸಿಗಡಿ, ಏಡಿ, ಸ್ಕ್ವಿಡ್ ಎಲ್ಲ ಕ್ಯಾಂಪಿನ ಮೀನು ಮಾರ್ಕೆಟ್‌ನಿಂದ ನಾನೇ ತರಬೇಕು. ಅಡುಗೆಮನೆಯ ಫ್ರಿಜ್ಜಿಗೆ ಪ್ರವೇಶ ಇಲ್ಲ. ಹಿತ್ತಲ ಕೋಣೆಯಲ್ಲಿ ಸಣ್ಣ ಫ್ರೀಜರ್ ಬೇರೆಯೇ ಇದೆ. "ನಾವು ಉಳ್ಳಾಗಡ್ಡಿ ಬಿಡೋ ತಿಂಗಳದಾಗ ಇವಕ್ಕ ಸಿಗಡಿ ಬೇಕೇನಪಾ?" ಅಂತ ಪ್ರತಿ ಶ್ರಾವಣದಲ್ಲೂ ಕೇಳುತ್ತಾಳೆ. ಸೋಮವಾರ ಬಿಟ್ಟು ಬೇರೆ ದಿನ ಹಾಕುವುದು ಅಂತ ನಮ್ಮ ನಡುವೆ ಒಪ್ಪಂದ ಆಗಿದೆ. ಮೊರೇಗೆ ಅದರಿಂದ ತೊಂದರೆ ಏನಿಲ್ಲ. ಆರೋಗ್ಯವಾಗಿರುವ ಮೊರೇ ಒಂದೆರಡು ವಾರ ಏನೂ ತಿನ್ನದೆ ಇದ್ದರೂ ಗಾಬರಿ ಬೇಡ.

ಒಂದೇ ಥರದ ಊಟ ಮಾತ್ರ ಬೇಡ. ಕೆಲವು ಮೀನು, ಸಿಗಡಿಯಲ್ಲಿ ಥಯಾಮಿನೇಸ್ ಅನ್ನುವ ವಸ್ತು ಇರುತ್ತದೆ. ಅದು ಬಿ1 ವಿಟಮಿನ್ನನ್ನು ಒಡೆದು ಹಾಕುತ್ತದೆ. ಫ್ರೀಜರ್‌ನಲ್ಲಿಟ್ಟರೂ ಅದು ಹೋಗುವುದಿಲ್ಲ. ಹಸಿ ಸಿಗಡಿಯನ್ನೇ ವರ್ಷಗಟ್ಟಲೆ ಹಾಕುತ್ತಾ ಹೋದರೆ ಕೊರತೆ ಬರಬಹುದು. ಏಡಿ, ಸ್ಕ್ವಿಡ್ ಅಂತ ಬದಲಾಯಿಸುತ್ತಾ, ಆಗಾಗ ವಿಟಮಿನ್ ಹನಿ ಸೇರಿಸುತ್ತಾ ಇರಬೇಕು. ಅಂಗಡಿಯಲ್ಲಿ ಸಿಗುವ ಗೋಲ್ಡ್‌ಫಿಶ್ ತಂದು ಜೀವಂತ ಬಿಡುವವರು ಇದ್ದಾರೆ. ಅದು ತಮಾಷೆ ನೋಡುವವರ ಖುಷಿಗೆ, ಮೊರೇಗೆ ಒಳ್ಳೆಯದಲ್ಲ. ಮೊಂಡು ಹಲ್ಲಿನ ಮೊರೇಗೂ ಓಡುವ ಮೀನಿನ ಹಿಂದೆ ಬೀಳುವ ಚಟ ಹತ್ತಿಸಿದ ಹಾಗೆ ಆಗುತ್ತದೆ.

ಇನ್ನು ಬಿಲ. ಬಿಲದ ಲೆಕ್ಕ ಹಲ್ಲಿನ ಲೆಕ್ಕದಷ್ಟೇ ಮುಖ್ಯ. ಬೆಳಗಾವಿಯ ಹಳೇ ವಾಡೆಗಳಲ್ಲಿ ನಾಲ್ಕು ಬಾಡಿಗೆ ಸಂಸಾರ ಒಂದೇ ಅಂಗಳದಲ್ಲಿ ಇರುತ್ತಿದ್ದವಲ್ಲ, ಬಾಗಿಲು ಬೇರೆ, ಒಲೆ ಬೇರೆ ಇದ್ದದ್ದಕ್ಕೇ ಅದು ನಡೆಯುತ್ತಿತ್ತು. ಮೊರೇಗಳೂ ಅಷ್ಟೇ. ಎರಡು ಮೊರೇಗೆ ಎರಡು ಬಿಲ ಸಾಲದು. ನಾಲ್ಕೈದು ಇರಬೇಕು, ಪ್ರತಿಯೊಂದಕ್ಕೂ ಎರಡು ಕಡೆ ಬಾಯಿ ಇರಬೇಕು. ಒಂದು ಬಂದರೆ ಇನ್ನೊಂದು ಹಿಂದಿನಿಂದ ಹೊರಡುವಂತೆ. ಸಮುದ್ರದಲ್ಲಿ ಕೆಲವು ಜಾತಿ ಒಂದೇ ಸಂದಿಯಲ್ಲಿ ಸೇರಿಕೊಂಡಿರುವುದೂ ಉಂಟು. ಕೆಂಪು ಸಮುದ್ರದ ಜಿಯೊಮೆಟ್ರಿಕ್ ಮೊರೇಗಳು ಒಂದೇ ತೂತಿನಿಂದ ಗುಂಪಾಗಿ ತಲೆ ಹಾಕಿ ನೋಡುತ್ತಿರುತ್ತವೆ. ಆದರೆ ಅಲ್ಲಿ ಬೇಡ ಅನ್ನಿಸಿದರೆ ಎದ್ದು ಹೋಗಲು ಇಡೀ ಸಮುದ್ರ ಇದೆ.

ಬಿಲ ಮಾಡಲು ಹವಳದ ಕಲ್ಲು ತರಲು ಹೋಗಬೇಡಿ. ಬಂಡೆ ಕಟ್ಟುವ ಹವಳಗಳು, ಕಪ್ಪು ಹವಳ, ಸೀ ಫ್ಯಾನ್ ಎಲ್ಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆ 2001ರಿಂದಲೇ ಇವಕ್ಕೂ ಇದೆ. ಯಾರೋ ಗೋವಾದಿಂದ ಚೀಲದಲ್ಲಿ ತಂದು ಕೊಟ್ಟರು ಅಂದರೂ ಅಪರಾಧವೇ. ನಮಗೆ ಅದರ ಅಗತ್ಯವೂ ಇಲ್ಲ. ಖಾನಾಪುರ ಇದೆಯಲ್ಲ! ಅಲ್ಲಿಯ ಮಣ್ಣು, ಕುಂಬಾರಿಕೆ ಎರಡಕ್ಕೂ ಹೆಸರಿದೆ. ಹೊಳಪು ಬಳಿಯದ, ಚೆನ್ನಾಗಿ ಬೆಂದ ಮಣ್ಣಿನ ಪೈಪು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಕೂರುತ್ತದೆ. ಪೈಪನ್ನು ಮರಳಿನ ಮೇಲೆ ಇಡಬಾರದು, ಟ್ಯಾಂಕಿನ ತಳಕ್ಕೇ ಊರಿ ಸುತ್ತ ಮರಳು ಹಾಕಬೇಕು. ಮೊರೇ ಮರಳು ತೋಡುತ್ತದೆ, ಮೇಲಿನ ಕಲ್ಲು ಉರುಳಿ ಗಾಜು ಒಡೆದೀತು.

ಟ್ಯಾಂಕಿನ ವಿಷಯ ಜಾಸ್ತಿ ಹೇಳುವುದಿಲ್ಲ. ನನ್ನದು ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ಹತ್ತಿರ ಹತ್ತಿರ 850 ಲೀಟರ್. ನೀರು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿದರೆ ಒಂದು ಟನ್ ದಾಟುತ್ತದೆ, ಅದಕ್ಕೇ ನೆಲಮಹಡಿಯಲ್ಲಿದೆ. ಲೀಟರಿಗೆ 35 ಗ್ರಾಂ ಉಪ್ಪು ಅಂದರೆ ಮೊದಲ ಸಲ ತುಂಬಿಸಲು ಸುಮಾರು 30 ಕಿಲೊ ಉಪ್ಪು ಬೇಕು. ಅಂಗಡಿಯ ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಮಾಡಿದ ಉಪ್ಪು. ರಕ್ಕಸಕೊಪ್ಪ, ಹಿಡಕಲ್‌ನಿಂದ ಬರುವ ನಲ್ಲಿ ನೀರನ್ನು ಆರ್‌ಒ ಮಾಡಿ ಅದರಲ್ಲಿ ಕಲಸುತ್ತೇನೆ. ಚೋರ್ಲಾ ಘಾಟ್ ಇಳಿದರೆ ಸಮುದ್ರವೇ ಇದೆಯಲ್ಲ, ಕ್ಯಾನಿನಲ್ಲಿ ತರಬಾರದಾ ಅಂತ ಕೇಳುತ್ತಾರೆ. ತರಬಹುದು. ಆದರೆ ಮಳೆಗಾಲದಲ್ಲಿ ಗೋವಾದ ದಂಡೆಯ ನೀರಿಗೆ ನದಿಗಳ ಕೆಂಪು ನೀರು ಸೇರಿ ಉಪ್ಪೇ ಇಳಿದಿರುತ್ತದೆ. ಒಂದು ಸಲ ಹಾಗೆ, ಒಂದು ಸಲ ಹೀಗೆ ಇರುವ ನೀರಿಗಿಂತ ಮನೆಯಲ್ಲಿ ಕಲಸಿದ್ದೇ ವಾಸಿ.

ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿಯುತ್ತದೆ. ಆಗ ಸೇರಿಸಬೇಕಾದ್ದು ಸಿಹಿನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಉಪ್ಪುನೀರನ್ನೇ ಸೇರಿಸುತ್ತಾ ಹೋದರೆ ಟ್ಯಾಂಕು ನಿಧಾನಕ್ಕೆ ಉಪ್ಪಿನಕಾಯಿ ಭರಣಿ. ನೀರಿನ ಬಿಸಿ 24ರಿಂದ 27 ಡಿಗ್ರಿ ಇರಬೇಕು. ನಮ್ಮ ಬೆಳಗಾವಿಗೆ ಚಳಿಗಾಲದಲ್ಲಿ ಹೀಟರ್ ಬೇಕಾಗುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಆಗುವುದೇ ಇಲ್ಲ.

ಮುಚ್ಚಳದ ಬಗ್ಗೆ ಮಾತ್ರ ಎರಡು ಮಾತು ಬೇಕು. ಮೊರೇ ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ. ಪೈಪು ಹೋಗಲು ಬಿಟ್ಟ ಸಂದಿ ಸಾಕು ಅದಕ್ಕೆ. 2021ರಲ್ಲಿ ಅದೇ ರೀಟಾ ಮೆಹ್ತಾ ತಮ್ಮ ಜೊತೆಗಾರರೊಬ್ಬರ ಜೊತೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸ್ನೋಫ್ಲೇಕ್‌ಗಳು ಇಳಿಜಾರು ಹಲಗೆ ಹತ್ತಿ ನೀರಿನಿಂದ ಹೊರಗೆ ಬಂದು, ಅಲ್ಲೇ ಸ್ಕ್ವಿಡ್ ತುಂಡು ಹಿಡಿದು ಅಲ್ಲೇ ನುಂಗುತ್ತವೆ ಅಂತ. ನುಂಗಲು ನೀರಿಗೆ ವಾಪಸ್ ಹೋಗಬೇಕಾಗಿಲ್ಲ, ಗಂಟಲ ದವಡೆ ಇದೆಯಲ್ಲ. ಇಂಥ ಪ್ರಾಣಿಗೆ ಮೇಲೆ ಸುಮ್ನೆ ಗಾಜಿನ ಹಲಗೆ ಇಟ್ಟರೆ ಆಗುತ್ತದಾ? ಕೊಂಡಿ ಹಾಕಬೇಕು, ಇಲ್ಲಾಂದ್ರೆ ತೂಕ ಇಡಬೇಕು. ಹಾಗೆ ಬಿಗಿಯಾಗಿ ಮುಚ್ಚಿದರೆ ಗಾಳಿ ಆಡುವುದಿಲ್ಲ, ಆಕ್ಸಿಜನ್ ಕಡಿಮೆಯಾಗುತ್ತದೆ. ಅದಕ್ಕೆ ನೀರಿಗೆ ಗಾಳಿಗುಳ್ಳೆ ಬಿಟ್ಟು ಗಲೀಜನ್ನು ನೊರೆಯಾಗಿ ತೆಗೆಯುವ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಬೇಕು, ಕರೆಂಟ್ ಹೋದರೆ ಬ್ಯಾಟರಿಯ ಏರ್ ಪಂಪ್ ಬೇಕು. ಗಲೀಜು ಮಾಡುವುದರಲ್ಲಿ ಮೊರೇ ಯಾರಿಗೂ ಕಮ್ಮಿ ಇಲ್ಲ, ಸ್ಕಿಮ್ಮರ್ ಇಲ್ಲದೆ ಅಮೋನಿಯಾ, ನೈಟ್ರೇಟ್ ಹಿಡಿತಕ್ಕೆ ಬರುವುದಿಲ್ಲ.

ಸಾಕುವ ಹುಚ್ಚು ನಮ್ಮ ಕಾಲದ್ದಲ್ಲ. ರೋಮಿನ ಶ್ರೀಮಂತರು ಸಮುದ್ರದ ಪಕ್ಕ ಕೊಳ ಕಟ್ಟಿಸಿ ಮೊರೇ ಸಾಕುತ್ತಿದ್ದರು. ಹಿರಿಯಸ್ ಅನ್ನುವವನು ಸೀಸರನ ವಿಜಯೋತ್ಸವದ ಔತಣಕ್ಕೆ 6000 ಮೊರೇ ಕಡ ಕೊಟ್ಟನಂತೆ, ಹಾಗಂತ ಆ ಕಾಲದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಾಸಸ್ ಅನ್ನುವ ಇನ್ನೊಬ್ಬ ತನ್ನ ಪ್ರೀತಿಯ ಮೊರೇ ಸತ್ತಾಗ ಅತ್ತನಂತೆ. ನನಗೆ ಇದರಲ್ಲಿ ಕುತೂಹಲ ಅನ್ನಿಸಿದ್ದು ಬೇರೆ. ಮೊರೇಗೆಂದೇ ಪ್ರತ್ಯೇಕ ಕೊಳ ಮಾಡಿದ್ದರಲ್ಲಿ ಹಿರಿಯಸ್ ಮೊದಲಿಗ ಅಂತ ಪ್ಲಿನಿ ಹೇಳುತ್ತಾನೆ. ಎರಡು ಸಾವಿರ ವರ್ಷದ ಹಿಂದೆಯೇ ಅವರಿಗೆ ಈ ಬುದ್ಧಿ ಇತ್ತು. ನಮ್ಮ ಅಂಗಡಿಗಳಲ್ಲಿ ಈಗಲೂ ಕ್ಲೌನ್‌ಫಿಶ್ ತೊಟ್ಟಿಯಲ್ಲೇ ಮೊರೇ ಬಿಟ್ಟಿರುತ್ತಾರೆ.

ಅಂಗಡಿ ಅಂದಾಗ ಇನ್ನೊಂದು ನೆನಪಾಯ್ತು. "ಸಿಹಿನೀರಿನ ಮೊರೇ" ಅಂತ ಒಂದು ಮಾರಾಟಕ್ಕೆ ಬರುತ್ತದೆ. ಕಂದು ಮೈ, ಸಣ್ಣ ಹಳದಿ ಚುಕ್ಕೆ. ಜಿಮ್ನೊಥೊರಾಕ್ಸ್ ಟೈಲ್ ಅಂತ ಅದರ ಶಾಸ್ತ್ರೀಯ ಹೆಸರು. ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಇರುವ ಮೀನು. ಸ್ವಲ್ಪ ದಿನ ಸಿಹಿನೀರು ತಡೆದುಕೊಳ್ಳುತ್ತದೆ, ಆಮೇಲೆ ಊಟ ಬಿಡುತ್ತದೆ, ನಿಧಾನಕ್ಕೆ ಸೊರಗುತ್ತದೆ. ಉಪ್ಪು ಇರುವ ನೀರೇ ಅದಕ್ಕೆ ಬೇಕು. ಹಾಗಾದರೆ ಸ್ನೋಫ್ಲೇಕ್ ಜೊತೆ ಬಿಡಬಹುದಾ ಅಂತ ಕೇಳಿದರೆ, ಮತ್ತೆ ಅದೇ: ಬಾಯಿ ನೋಡಿ. ಅದು ಚೂಪು ಹಲ್ಲಿನ ಕಡೆಯದು. ರಿಬ್ಬನ್ ಈಲ್ ಬಗ್ಗೆಯೂ ಕೇಳುತ್ತಾರೆ. ಎಳೆಯದಿದ್ದಾಗ ಕಪ್ಪು, ಆಮೇಲೆ ನೀಲಿ, ಕೊನೆಗೆ ಹಳದಿ. ನೋಡಲು ಚೆಂದ, ನಿಜ. ಆದರೆ ಸಾಕಿದಲ್ಲಿ ಊಟವನ್ನೇ ಮುಟ್ಟದೆ ಸಾಯುವುದೇ ಹೆಚ್ಚು. ಮಾರಾಟಕ್ಕೆ ಬರುವ ಮೊರೇ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಿಂದ ಹಿಡಿದು ತಂದವು, ಸಾಕಿ ಮರಿ ಮಾಡಿಸಿದ್ದಲ್ಲ. ಸಾಯುವುದು ಗೊತ್ತಿದ್ದೂ ತರಿಸುವುದು ನನಗಂತೂ ಸರಿ ಕಾಣುವುದಿಲ್ಲ. ದೊಡ್ಡ ಮೊರೇ ನೋಡಲೇಬೇಕು ಅನ್ನಿಸಿದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ. ಅಲ್ಲಿ ಬಂಡೆ ಸಂದಿಯಲ್ಲಿ ಅವು ತಮ್ಮ ಪಾಡಿಗೆ ಇವೆ.

ಮೂರನೆಯದು ಬಿಡುವುದಿಲ್ಲವಾ ಅಂತ ನನ್ನನ್ನೂ ಕೇಳುತ್ತಾರೆ. ಬಿಡುವುದಿಲ್ಲ. ಮೊಂಡು ಹಲ್ಲಿನದೇ ಇನ್ನೊಂದು, ಅಟ್ಲಾಂಟಿಕ್ ಕಡೆಯ ಚೈನ್ ಮೊರೇ, ಜೊತೆಗೆ ಹೊಂದಬಹುದು. ಲೆಕ್ಕಕ್ಕೆ ಸರಿ. ಆದರೆ ಜೀಬ್ರಾ ಇನ್ನೂ ಬೆಳೆಯುತ್ತಿದೆ, ಆರಡಿಯ ಟ್ಯಾಂಕಿನಲ್ಲಿ ಆ ಬೆಳವಣಿಗೆಗೆ ಜಾಗ ಮೊದಲು ಬೇಕು. ಹೊಸದಾಗಿ ಶುರು ಮಾಡುವವರಾದರೆ ಎರಡನ್ನೂ ಒಂದೇ ಸಲ, ಒಂದೇ ಗಾತ್ರದ್ದು ಬಿಡಿ. ಅದಕ್ಕೂ ಮೊದಲು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ರೋಗ ನೋಡಿಕೊಳ್ಳಿ. ಹುರುಪೆ ಇಲ್ಲದ ಮೈ, ತಾಮ್ರದ ಔಷಧಿ ಹಾಕುವಾಗ ತುಂಬಾ ಎಚ್ಚರ ಬೇಕು.

ವಿಜಯಪುರದ ಗೆಳೆಯರೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. "ಸರ, ಟ್ಯಾಂಕ್ ನಾಲ್ಕ್ ಫೂಟಿಂದ್ ಐತ್ರಿ. ಒಂದ್ ಹನಿಕೋಂಬ್, ಒಂದ್ ಸ್ನೋಫ್ಲೇಕ್ ಬಿಡಬೇಕಂತ ಮಾಡೇನ್ರಿ." ಹನಿಕೋಂಬ್ ಎರಡು ಮೀಟರ್ ಬೆಳೆದ ಮೇಲೆ ಎಲ್ಲಿ ಇಡ್ತೀರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಚಿಲ್ಲರ್ ರೇಟು ಕೇಳಿದರು, ಮತ್ತೆ ಸುಮ್ಮನಾದರು. ಮೊನ್ನೆ ಮತ್ತೆ ಫೋನ್ ಬಂತು. ಒಂದೇ ಒಂದು ಸ್ನೋಫ್ಲೇಕ್ ಅಂತ ನಿರ್ಧಾರ ಆಗಿದೆ. ಖಾನಾಪುರಕ್ಕೆ ಬರುತ್ತಿದ್ದಾರೆ, ಪೈಪು ಎಷ್ಟು ಇಂಚಿನದು ತಗೊಳ್ಳಲಿ ಅಂತ ಕೇಳಿದರು. ಮೂರು ಇಂಚಿನದು ಸಾಕು, ನಾಲ್ಕು ತುಂಡು ತಗೊಳ್ಳಿ, ಅಂಚು ಚೂಪಿದ್ದರೆ ಅಲ್ಲೇ ಉಜ್ಜಿಸಿಕೊಂಡು ಬನ್ನಿ ಅಂತ ಹೇಳಿದ್ದೇನೆ.